ನೆನೆಹಾಕಿದ ಅವರೆ

ಸ್ನೇಹಿತರೇ, ನೀವೇ ನ್ಯಾಯ ಹೇಳಿ. ದಸರಾ ಮುಗಿದ ಮೇಲೆ ಅವರೆ ಬಿತ್ತಲು ಹೊರಟವಳು ಇಡೀ ಭಾರತೀನಗರದಲ್ಲಿ ನಾನೊಬ್ಬಳೇ ಇರಬೇಕು. ತಡವಾಯಿತಲ್ಲ, ಬೇಗ ಮೊಳೆಯಲಿ ಎಂದು ಬೆಳಿಗ್ಗೆ ಬೀಜವನ್ನೆಲ್ಲ ನೆನೆಹಾಕಿ ಮದ್ದೂರಿನ ಬಸ್ಸು ಹತ್ತಿದೆ. ಬೆಳಕವಾಡಿಯಿಂದ ನಮ್ಮಮ್ಮ ಕಳಿಸಿದ್ದ ಸೊಗಡವರೆ. ಅಮ್ಮನ ಹತ್ತಿರವೂ ಆ ಬೀಜ ಉಳಿದಿಲ್ಲ. ಆಫೀಸಿನಲ್ಲಿ ಕುಳಿತರೂ ಸಮಾಧಾನವಿಲ್ಲ. ಊಟದ ಹೊತ್ತಿಗೆ ಅತ್ತೆಗೆ ಫೋನ್ ಮಾಡಿದೆ.

"ಅತ್ತೆ, ನೀರಲ್ಲಿರೋ ಅವರೆ ಸ್ವಲ್ಪ ನೋಡ್ಕಳಿ."

"ನೋಡ್ಕತೀನಿ ಬುಡವ್ವ."

ಸಂಜೆ ಬಂದರೆ ಬಾಗಿಲಲ್ಲೇ ಘಮ. ಅತ್ತೆ ಒಂದು ಕಾಳನ್ನೂ ಬಿಡದೆ ಹಿತುಕಿ, ಸಿಪ್ಪೆ ತೆಗೆದು, ಸಾರು ಮಾಡಿ, ಮುದ್ದೆಗೆ ಎಸರಿಟ್ಟು ಕೂತಿದ್ದರು.

"ಅಯ್ಯೋ ಅತ್ತೆ, ಅದು ಬಿತ್ನೆ ಬೀಜ!"

"ನೆನಾಕ್ಬುಟ್ಟು ನೋಡ್ಕಳಿ ಅಂದ್ರೆ ಇತುಕಿ ಸಾರು ಮಾಡಿ ಅಂತ ತಾನೆ ಕಣಮ್ಮ? ಕಾಲ ಮೀರುದ್ ಮೇಲೆ ಅವರೆ ಬಿತ್ತೋರು ನಮ್ಮನೇಲೇ ಅವ್ರೆ ಅಂತ ನಾನೇನು ಕನ್ಸು ಕಂಡಿದ್ನಾ?"

ಸಾರು ಬಹಳ ಚೆನ್ನಾಗಿತ್ತು. ಸಿಟ್ಟಿನಲ್ಲೇ ಇನ್ನೊಂದು ಮುದ್ದೆ ಹಾಕಿಸಿಕೊಂಡೆ.

ಉಳಿದಿರುವುದು ಚೆಂಡು ಹೂವಿನ ಬೀಜ ಮಾತ್ರ. ಅದರಲ್ಲಿ ಯಾರೂ ಸಾರು ಮಾಡುವುದಿಲ್ಲ, ಗೊತ್ತು. ಆದರೂ ನಾಳೆ ಅದನ್ನು ಬ್ಯಾಗಿಗೆ ಹಾಕಿಕೊಂಡೇ ಆಫೀಸಿಗೆ ಹೋಗುತ್ತೇನೆ.