ದೊಡ್ಡಸಿದ್ದಯ್ಯನ ಬಾಕಿ ಎಡೆ

ದೊಡ್ಡಸಿದ್ದಯ್ಯನಿಗೆ ಆರು ವರ್ಷದ ಎಡೆ ಬಾಕಿ ಇತ್ತು. ಕೊಡಬೇಕಾದವಳು ಅವನ ಒಬ್ಬಳೇ ಮಗಳು ಶಿವಕ್ಕ. ಬ್ಯಾಂಕಿನ ಸಾಲವಾದರೆ ನೋಟಿಸು ಬರುತ್ತದೆ, ಮನೆ ಮುಂದೆ ತಮಟೆ ಹೊಡೆಸಿ ಮಾನ ಕಳೆಯುತ್ತಾರೆ. ಸತ್ತವನ ಬಾಕಿಗೆ ತಮಟೆ ಹೊಡೆಸುವವರು ಯಾರು? ಹಾಗಾಗಿ ಶಿವಕ್ಕ ನಾರ್ತ್ ಕ್ಯಾರೊಲಿನಾದ ಮಾರಿಸ್‌ವಿಲ್‌ನಲ್ಲಿ, ತನ್ನ ಟೌನ್‌ಹೌಸಿನಲ್ಲಿ, ನೆಮ್ಮದಿಯಾಗಿಯೇ ಇದ್ದಳು. ತೊಂಬತ್ತೇಳನೇ ಇಸವಿಯ ಅಕ್ಟೋಬರ್ ತನಕ.

ದೊಡ್ಡಸಿದ್ದಯ್ಯ ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಸುತ್ತಿಗೆ ಬೀಸುತ್ತಿದ್ದವನು. ಮನೆ ಅಶೋಕಪುರಂನಲ್ಲಿ. ಹೆಂಡತಿ ಬೇಗ ಸತ್ತಳು, ಇನ್ನೊಬ್ಬಳನ್ನು ತರಲಿಲ್ಲ. ಸಂಬಳದ ದಿನ ಒಂದಿಷ್ಟು ಸಾರಾಯಿ, ಒಂದು ಕಟ್ಟು ಬೀಡಿ, ಮುತ್ತುಗದ ಎಲೆಯಲ್ಲಿ ಕಟ್ಟಿಸಿಕೊಂಡ ಹಂದಿ ಬಾಡು ಹಿಡಿದು ಬರುತ್ತಿದ್ದ. ಬಾಡು ಬೆಂದ ಮೇಲೆ ಖಂಡವನ್ನೆಲ್ಲ ಮಗಳ ತಟ್ಟೆಗೆ ಹಾಕಿ ತಾನು ಮೂಳೆ ಚೀಪುತ್ತಿದ್ದ. ಆ ಖಂಡ ತಿಂದೇ ಅವಳು ಬಿ.ಎಸ್ಸಿ. ಮುಗಿಸಿದ್ದು. "ನಾ ಸತ್ರೆ ಎಡೆಗೆ ಪಾಯಸ ಮಡಗಿ ಮೋಸ ಮಾಡಬ್ಯಾಡ ಕನವ್ವಾ," ಎಂದು ಕುಡಿದಾಗಲೆಲ್ಲ ಹೇಳುತ್ತಿದ್ದ. "ಸಿಹಿ ಕಂಡ್ರೆ ನಂಗಾಗಕ್ಕಿಲ್ಲ."

ಅವರ ಕಡೆ ಮಾರ್ನಮಿಯ ಹೊತ್ತಿಗೆ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಬದುಕಿದ್ದಾಗ ಅವರು ಬಾಯಿ ಚಪ್ಪರಿಸಿ ತಿಂದದ್ದು, ಕುಡಿದದ್ದು, ಸೇದಿದ್ದು ಎಲ್ಲವನ್ನೂ ಎಲೆಯ ಮುಂದಿಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ಹೊರಗೆ ಕೂರುತ್ತಾರೆ. ಸತ್ತವರು ನಾಚದೆ ಉಣ್ಣಲಿ ಎಂದು. ಆಮೇಲೆ ಅದೇ ಎಡೆಯನ್ನು ಮನೆಮಂದಿ ಹಂಚಿಕೊಂಡು ತಿನ್ನುತ್ತಾರೆ. ದೊಡ್ಡಸಿದ್ದಯ್ಯ ತೊಂಬತ್ತೊಂದರಲ್ಲಿ ತೀರಿಕೊಂಡಾಗ ಶಿವಕ್ಕ ಅಮೆರಿಕದಲ್ಲಿದ್ದಳು. ಮೈಸೂರಿನಲ್ಲಿ ಎಡೆ ಇಡಲು ಇನ್ನೊಬ್ಬರಿರಲಿಲ್ಲ.

ಗಂಡ ತ್ಯಾಗರಾಜ ಕಂಪ್ಯೂಟರ್ ಎಂಜಿನಿಯರು, ಅದೇ ಕೇರಿಯ ಹುಡುಗ. ಇಲ್ಲಿಗೆ ಬಂದ ಹೊಸದರಲ್ಲಿ ಕನ್ನಡ ಸಂಘದ ಪಿಕ್ನಿಕ್ಕಿಗೆ ಹೋದರು. ಸಂಘದ ಕಮಿಟಿಯಲ್ಲಿದ್ದ ಊರ್ಮಿಳಾ ಪೇಪರ್ ಪ್ಲೇಟು ಕೈಗೆ ಕೊಡುತ್ತಾ, "ಮೈಸೂರಲ್ಲಿ ಎಲ್ಲಿ ನಿಮ್ದು?" ಎಂದಳು. ಶಿವಕ್ಕನ ಬಾಯಿ ತಾನಾಗಿಯೇ "ಸರಸ್ವತಿಪುರಂ" ಎಂದಿತು. ಅಶೋಕಪುರಂ ಎಂದಿದ್ದರೆ ಮುಂದಿನ ಪ್ರಶ್ನೆಯೇ ಬೇಕಾಗುತ್ತಿರಲಿಲ್ಲ. ಅದು ದಲಿತರ ಕೇರಿ; ಮೈಸೂರಿನವರಿಗೆ ಅದೊಂದು ಹೆಸರು ಸಾಕು, ಜಾತಿ ಗೊತ್ತಾಗಿಬಿಡುತ್ತದೆ.

"ಓ, ಹಾಗಾದ್ರೆ ನಮ್ ಕಡೆಯವ್ರೇ! ವೆಜಿಟೇರಿಯನ್ಸ್ ತಾನೆ?"

"ಹ್ಞೂಂ."

"ಫಾದರ್ ಏನ್ ಮಾಡ್ತಿದ್ರು?"

"ರೈಲ್ವೇಸಲ್ಲಿ. ಆಫೀಸರ್."

ಸುಳ್ಳು ಹಂದಿಯ ಹಾಗೆ, ಒಂದು ಈದರೆ ಡಜನ್ ಮರಿ. ಸುತ್ತಿಗೆ ಹಿಡಿದ ಕೈಗೆ ಪೆನ್ನು ಬಂತು. ಶಿವಕ್ಕ ಎಂಬ ಹೆಸರು ಸಂಘದಲ್ಲಿ ಶಿವಾನಿ ಆಯಿತು. ಮನೆಯಲ್ಲಿ ಕೋಳಿ ಬೇಯಿಸಿದ ದಿನ ಕಿಟಕಿ ತೆರೆದು ಫ್ಯಾನ್ ಹಾಕಿ ಊದುಬತ್ತಿ ಹಚ್ಚುವುದು ರೂಢಿಯಾಯಿತು. ಹಂದಿಯಂತೂ ಬಾಗಿಲು ದಾಟಲಿಲ್ಲ.

ಗ್ರೀನ್ ಕಾರ್ಡ್ ಬಂದ ಮೇಲೆ ಶಿವಕ್ಕ ಊರಾಚೆಯ ಒಂದು ನರ್ಸರಿಯಲ್ಲಿ ಕೆಲಸಕ್ಕೆ ಸೇರಿದಳು. ಕುಂಡಕ್ಕೆ ಮಣ್ಣು ತುಂಬುವುದು, ಸಸಿ ನಾಟುವುದು, ನೀರು ಬಿಡುವುದು. ಸಂಘದವರಿಗೆ "ಪ್ಲಾಂಟ್ ಸೈನ್ಸ್ ಫೀಲ್ಡು" ಎಂದಿದ್ದಳು. ಅಲ್ಲಿ ಜೊತೆಗಿದ್ದವಳು ಎಲೋದಿಯಾ, ಮೆಕ್ಸಿಕೊದ ಪುಎಬ್ಲಾ ಕಡೆಯವಳು. ಕುಳ್ಳಿ, ದಪ್ಪ ಜಡೆ, ಬಾಯಿ ಜೋರು. ತಂಬಾಕಿನ ಹೊಲದಲ್ಲಿ ಬಿಸಿಲಿಗೆ ಬಿದ್ದು ಗಂಡ ಫೆರ್ಮಿನ್ ಸತ್ತಿದ್ದ. ಇಬ್ಬರದೂ ಮುರುಕು ಇಂಗ್ಲಿಷ್. ಎರಡು ಮುರುಕು ಸೇರಿ ಮಾತು ಚೆನ್ನಾಗಿಯೇ ನಡೆಯುತ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಶಿವಕ್ಕ ಅಪ್ಪನ ಸುತ್ತಿಗೆ, ಸಾರಾಯಿ, ಬೀಡಿ, ಹಂದಿ ಬಾಡು ಎಲ್ಲವನ್ನೂ ಹೇಳಿದ್ದಳು. ಕನ್ನಡದವರಿಗೆ ಹೇಳದ ನಿಜ ಇವಳಿಗೆ ಹೇಳಲು ಧೈರ್ಯವೇನೂ ಬೇಕಿರಲಿಲ್ಲ. ಎಲೋದಿಯಾಳಿಗೆ ಸರಸ್ವತಿಪುರಂ, ಅಶೋಕಪುರಂ, ಮಂಗಳಗ್ರಹ ಎಲ್ಲ ಒಂದೇ.

"ನಮ್ಮಲ್ಲೂ ಸತ್ತವರು ವರ್ಷಕ್ಕೊಮ್ಮೆ ಊಟಕ್ಕೆ ಬರ್ತಾರೆ," ಎಂದಿದ್ದಳು ಎಲೋದಿಯಾ. "ನವೆಂಬರ್ ಒಂದು, ಎರಡು. ಚೆಂಡುಹೂವಿನ ವಾಸನೆ ಹಿಡಿದು ಮನೆ ಹುಡುಕ್ತಾರೆ. ಫೆರ್ಮಿನ್‌ಗೆ ಬಿಯರ್ ಇಡ್ತೀನಿ. ಒಂದೇ. ಬದುಕಿದ್ದಾಗ ಆರು ಕುಡಿತಿದ್ದ, ನಾಯಿ."

ಆ ವರ್ಷ ನವೆಂಬರ್ ಒಂದು ಶನಿವಾರ ಬಂತು. ಅಂದು ಸಂಜೆಯೇ ಸಂಘದ ರಾಜ್ಯೋತ್ಸವ. ಊರ್ಮಿಳಾ ಫೋನ್ ಮಾಡಿದಳು.

"ಶಿವಾನಿ, ನೀವು ಪ್ಲಾಂಟ್ ಸೈನ್ಸಲ್ಲಿ ಇದೀರಲ್ಲ, ಮ್ಯಾರಿಗೋಲ್ಡ್ ಅರೇಂಜ್ ಮಾಡಿಬಿಡಿ. ಭುವನೇಶ್ವರಿ ಫೋಟೋಗೆ ಪ್ಲಾಸ್ಟಿಕ್ ಹಾರ ಹಾಕಿದ್ರೆ ಅಸಹ್ಯವಾಗಿರುತ್ತೆ. ಬೆಳಿಗ್ಗೆ ನಿಮ್ಮನೇಲೇ ಎಲ್ಲಾ ಕೂತು ಕಟ್ಟೋಣ."

ಊರ್ಮಿಳಾ ತಾನಾಗಿ ಮನೆಗೆ ಬರುತ್ತೇನೆ ಎಂದದ್ದು ಅದೇ ಮೊದಲು. ಶಿವಕ್ಕ ಹಿಗ್ಗಿದಳು, ಒಪ್ಪಿದಳು. ಆದರೆ ನರ್ಸರಿಯವರು ಚೆಂಡುಹೂವನ್ನು ಕಿತ್ತು ಸೇವಂತಿಗೆ ತುಂಬಿ ವಾರಗಳಾಗಿದ್ದವು. ಉಳಿದದ್ದು ಹಿಂದಿನ ಬೇಲಿಗೆ ಎಲೋದಿಯಾ ತನ್ನೂರಿನ ಬೀಜ ಹಾಕಿ ಬೆಳೆಸಿದ್ದ ಒಂದು ಸಾಲು, ಎದೆಯೆತ್ತರ, ಒಂದೊಂದು ಹೂವು ಮುಷ್ಟಿ ಗಾತ್ರ.

"ನನಗೆ ಒಂದಿಷ್ಟು ಕೊಡ್ತೀಯಾ?" ಎಂದಳು ಶಿವಕ್ಕ.

ಎಲೋದಿಯಾ ಅವಳ ಮುಖ ನೋಡಿದಳು. "ನಿಮ್ಮಪ್ಪನಿಗಾ?"

ಶಿವಕ್ಕ ತಲೆಯಾಡಿಸಿದಳು. ಬಾಯಲ್ಲಿ ಸುಳ್ಳು ಹೇಳಲಿಲ್ಲ, ಕತ್ತಿನಲ್ಲಿ ಹೇಳಿದಳು.

ಎಲೋದಿಯಾ ಕತ್ತರಿ ತಂದು ಕುಯ್ಯತೊಡಗಿದಳು. ಅರ್ಧ ಸಾಲು ದಾಟಿದರೂ ನಿಲ್ಲಿಸಲಿಲ್ಲ. "ಸಾಕು, ನಿಂಗೆ ಬೇಡ್ವಾ?" ಎಂದರೆ, "ಫೆರ್ಮಿನ್‌ಗೆ ದಾರಿ ಗೊತ್ತು. ನಿಮ್ಮಪ್ಪ ಮೊದಲ ಸಲ ಬರ್ತಿರೋದು. ಎಷ್ಟು ದೂರ, ಮಧ್ಯದಲ್ಲಿ ಸಮುದ್ರ ಬೇರೆ. ಅವನಿಗೇ ಜಾಸ್ತಿ ಬೇಕು," ಎಂದಳು. ಬಕೆಟ್ಟುಗಳನ್ನು ತಾನೇ ಹೊತ್ತು ಕಾರಿನ ಡಿಕ್ಕಿಗೆ ತುಂಬಿದಳು. ಆಗಲೂ ಶಿವಕ್ಕನಿಗೆ ಬಾಯಿ ಬಿಡಲು ಹೊತ್ತಿತ್ತು. ಬಿಡಲಿಲ್ಲ.

ಶನಿವಾರ ಬೆಳಿಗ್ಗೆ ಶಿವಕ್ಕನ ಹಾಲ್ ತುಂಬ ಹೆಂಗಸರು. ಕಾರ್ಪೆಟ್ಟಿನ ಮೇಲೆ ಬೆಡ್‌ಶೀಟು, ಅದರ ಮೇಲೆ ಹೂವಿನ ರಾಶಿ. ಸೂಜಿ, ದಾರ, ಕಾಫಿ, ಹರಟೆ.

"ಏನ್ ಸೈಜ್ರೀ ಹೂವು! ನಮ್ ದೇವರಾಜ ಮಾರ್ಕೆಟ್ಟಲ್ಲೂ ಸಿಗಲ್ಲ," ಎಂದಳು ಊರ್ಮಿಳಾ. "ಶಿವಾನಿ, ಮುಂದಿನ ವರ್ಷ ನಿಮ್ಮನ್ನೇ ಕಮಿಟಿಗೆ ಹಾಕ್ಕೋತೀವಿ ನೋಡಿ."

ಅಷ್ಟರಲ್ಲಿ ಬೆಲ್ ಆಯಿತು. ಬಾಗಿಲಲ್ಲಿ ಎಲೋದಿಯಾ. ಕಸೂತಿಯ ಬಿಳಿ ರವಿಕೆ, ತಲೆ ಬಾಚಿ ರಿಬ್ಬನ್ ಕಟ್ಟಿದ್ದಾಳೆ. ಕೈಯಲ್ಲಿ ಬಟ್ಟೆ ಮುಚ್ಚಿದ ದೊಡ್ಡ ತಟ್ಟೆ. ಅವಳ ಊರಿನಲ್ಲಿ ಒಬ್ಬರ ಮನೆಯ ಸತ್ತವರಿಗೆ ಇನ್ನೊಬ್ಬರು ಪಾಲು ಒಯ್ದು ಕೊಡುವುದು ಪದ್ಧತಿ. ಕೊಟ್ಟರೆ ನಂಟು. ಒಳಗೆ ಇಣುಕಿ, ಹೂ ಕಟ್ಟುತ್ತಿದ್ದ ಹೆಂಗಸರನ್ನು ಕಂಡು ಅವಳ ಮುಖ ಅರಳಿತು.

"ಇಷ್ಟೊಂದು ಜನ! ನಿಮ್ಮಪ್ಪ ದೊಡ್ಡ ಮನುಷ್ಯ ಕಣೆ!"

ತಟ್ಟೆಯ ಬಟ್ಟೆ ಸರಿಸಿ ತೋರಿಸಿದಳು. ಒಳಗೆ ಹಂದಿ ಬಾಡು ತುಂಬಿ, ಮುಸುಕಿನ ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಕಡುಬು, ಅವರ ತಮಾಲೆ. ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚಿನಂಥದೇ ಒಂದು ಸಕ್ಕರೆಯ ತಲೆಬುರುಡೆ. ಸಣ್ಣ ಬಾಟಲಿಯಲ್ಲಿ ಮೆಸ್ಕಾಲ್, ಅವರ ಸಾರಾಯಿ. ಪಕ್ಕದಲ್ಲಿ ಒಂದು ಸಿಗರೇಟು. "ಬೀಡಿ ಸಿಗಲಿಲ್ಲ," ಎಂದಳು.

ಬೆಂದ ಹಂದಿಯ ಘಮ ಹಾಲ್ ಹೊಕ್ಕಿತು. ಊರ್ಮಿಳಾ ಸೆರಗಿನಿಂದ ಮೂಗು ಮುಚ್ಚಿದಳು.

"ಯಾರ್ರೀ ಇವ್ರು? ಏನದು, ಪೋರ್ಕಾ? ಶಿವಾನಿ, ಹೊರಗೇ ಇಡ್ಸಿ. ದೇವಿಗೆ ಹಾಕೋ ಹೂವು, ಮುಟ್ಟಿಸ್ಕೋಬೇಡಿ."

ಎಲೋದಿಯಾಳಿಗೆ ಕನ್ನಡ ತಿಳಿಯದು. ನಗುತ್ತಲೇ ಊರ್ಮಿಳಾಳಿಗೆ ಇಂಗ್ಲಿಷಿನಲ್ಲಿ ವಿವರಿಸಿದಳು. "ಇವಳ ಅಪ್ಪನಿಗೆ. ಅವರಿಗೆ ಹಂದಿ ಅಂದ್ರೆ ಇಷ್ಟ, ಕುಡಿಯೋದೂ ಇಷ್ಟ. ಇವಳೇ ಹೇಳಿದ್ದು."

ಸೂಜಿಗಳು ನಿಂತವು. ಎಲ್ಲ ಕಣ್ಣೂ ಶಿವಕ್ಕನ ಮೇಲೆ.

ಶಿವಕ್ಕ ಇಂಗ್ಲಿಷಿನಲ್ಲಿಯೇ ಹೇಳಿದಳು, ಒಳಗಿನವರಿಗೂ ಹೊರಗಿನವಳಿಗೂ ಒಟ್ಟಿಗೆ ಅರ್ಥವಾಗಲಿ ಎಂಬಂತೆ. "ನಮ್ಮಪ್ಪ ಹಂದಿ ತಿಂದವರೇ ಅಲ್ಲ. ಕುಡಿದವರೂ ಅಲ್ಲ. ನೀನು ಬೇರೆ ಯಾರೋ ಅಂದ್ಕೊಂಡಿದೀಯ." ಆಮೇಲೆ ಕನ್ನಡದಲ್ಲಿ, "ಕೆಲಸದವಳು. ಇಂಗ್ಲಿಷ್ ಬರಲ್ಲ, ಏನೇನೋ ಹೇಳ್ತಾಳೆ," ಎಂದು ಸೇರಿಸಿದಳು.

ಎಲೋದಿಯಾಳ ನಗು ಒಂದೇ ಸಲಕ್ಕೆ ಹೋಗಲಿಲ್ಲ, ಮುಖದಲ್ಲಿ ಅಲ್ಲಲ್ಲಿ ಉಳಿದು ಆಮೇಲೆ ಹೋಯಿತು. ಹೂವಿನ ರಾಶಿ ನೋಡಿದಳು. "ಹಾಗಾದ್ರೆ ಈ ಹೂವು ಯಾರಿಗೆ?" ಎಂದು ಕೇಳಿದಳು. ಸತ್ತವರಿಗೆಂದು ಹೊರಟ ಊಟವನ್ನು ಅವಳು ವಾಪಸು ಒಯ್ಯುವಂತಿರಲಿಲ್ಲವೋ ಏನೋ, ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಹೋದಳು.

"ಎತ್ತಿ ಬಿಸಾಕ್ರೀ ಪ್ಲೀಸ್," ಎಂದಳು ಊರ್ಮಿಳಾ.

ಶಿವಕ್ಕ ಪ್ಲಾಸ್ಟಿಕ್ ಕವರಿನಲ್ಲಿ ಕೈ ತೂರಿಸಿ, ನಾಯಿಯ ಹೇಲು ಎತ್ತುವ ಹಾಗೆ, ಅಪ್ಪನ ಊಟವನ್ನು ಎತ್ತಿ ಕಸದ ಡಬ್ಬಿಗೆ ಹಾಕಿದಳು. ಬಂದು ಸೋಪು ಹಚ್ಚಿ ಕೈ ತೊಳೆದಳು. ಸಂಜೆ ವೇದಿಕೆಯ ಮೇಲೆ ಹಳದಿ ಕೆಂಪು ಸೀರೆಯುಟ್ಟು ಎಲ್ಲರ ಜೊತೆ ಹಾಡಿದಳು. ಹೂವು ಚೆನ್ನಾಗಿದೆ ಎಂದು ಎಲ್ಲರೂ ಅವಳನ್ನೇ ಹೊಗಳಿದರು. ಪ್ರತಿ ಹೊಗಳಿಕೆಗೂ ಕೆನ್ನೆಗೆ ಹೊಡೆದಂತಾಗುತ್ತಿತ್ತು.

ಭಾನುವಾರ ಕಾರು ಹತ್ತಿ ಎಲೋದಿಯಾಳ ಟ್ರೇಲರ್ ಮನೆಗೆ ಹೋದಳು. ಬಾಗಿಲು ತೆರೆದೇ ಇತ್ತು. ಒಳಗೆ ಮೇಜಿನ ಮೇಲೆ ಫೆರ್ಮಿನ್‌ನ ಫೋಟೋ, ಮೇಣದಬತ್ತಿ, ಬಿಯರ್. ಹೂವು ಮಾತ್ರ ಬೋಳು ತಲೆಯ ಕೂದಲಿನ ಹಾಗೆ ಅಲ್ಲೊಂದು ಇಲ್ಲೊಂದು.

"ಸಾರಿ," ಎಂದಳು ಶಿವಕ್ಕ.

"ನನಗ್ಯಾಕೆ ಸಾರಿ? ನನ್ನ ಗಂಡ ಬಂದ, ಉಂಡ." ಎಲೋದಿಯಾ ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ. "ನಿಮ್ಮಪ್ಪ ನಿನಗೆ ಹೊಡೀತಿದ್ನಾ?"

"ಇಲ್ಲ."

"ಕುಡಿದು ಬೀದೀಲಿ ಬಿದ್ದಿರ್ತಿದ್ನಾ?"

"ಇಲ್ಲ. ನಂಗೆ ಖಂಡ ಹಾಕಿ ತಾನು ಮೂಳೆ ತಿಂತಿದ್ದ."

"ಮತ್ಯಾಕೆ ಬಾಗಿಲಿಂದ ಅಟ್ಟಿದೆ?"

ಮುರುಕು ಇಂಗ್ಲಿಷಿನಲ್ಲಿ ಜಾತಿಯನ್ನು ಹೇಗೆ ಹೇಳುವುದು? ನೆಟ್ಟಗಿನ ಕನ್ನಡದಲ್ಲಿಯೇ ಅದು ಬಾಯಿಗೆ ಬರುವುದಿಲ್ಲ. "ಆ ಹೆಂಗಸ್ರಿಗೆ ಗೊತ್ತಾದ್ರೆ ನಮ್ಮನೇಲಿ ಊಟ ಮಾಡಲ್ಲ," ಎಂದಳು ಕೊನೆಗೆ.

"ನಿನಗೆ ಅವರು ಊಟ ಹಾಕ್ತಾರಾ?"

"ಇಲ್ಲ."

"ಕೂಲಿ ಕೊಡ್ತಾರಾ?"

"ಇಲ್ಲ."

"ಮತ್ತೆ?"

ಶಿವಕ್ಕ ಮೇಜಿನ ಮೇಲಿನ ಫೋಟೋ ನೋಡಿದಳು. ಇಲ್ಲೇ ಒಂದು ಮೂಲೆಯಲ್ಲಿ ಅಪ್ಪನಿಗೆ ಏನಾದರೂ ಇಡಲೇ ಎಂದು ಕೇಳಿದಳು. ಎಲೋದಿಯಾ ತಲೆ ಅಲ್ಲಾಡಿಸಿದಳು. "ಅವನು ಬಂದಿದ್ದು ನಿನ್ನ ಬಾಗಿಲಿಗೆ. ಅಲ್ಲೇ ಇಡು."

ದಾರಿಯಲ್ಲಿ ಅಂಗಡಿಗೆ ಹೋಗಿ ಹಂದಿ ಮಾಂಸ, ಒಂದು ಬಾಟಲಿ ಬ್ರಾಂದಿ ತಂದಳು. ಒಲೆ ಹಚ್ಚಿದ್ದನ್ನು ಕಂಡು ತ್ಯಾಗರಾಜ ಹಾರಿಬಿದ್ದ.

"ನಿಂಗೇನ್ ತಲೆ ಕೆಟ್ಟಿದ್ಯಾ? ಕಾರ್ಪೆಟ್ ವಾಸ್ನೆ ಹಿಡ್ಕೊಂಡ್ರೆ ವಾರ ಹೋಗಲ್ಲ!"

"ನಮ್ಮಪ್ಪನ ಎಡೆ ಕಣ್ರೀ."

"ನಮ್ಮಪ್ಪಂಗೂ ಇಟ್ಟಿಲ್ಲ. ಅವ್ರೇನ್ ಫೋನ್ ಮಾಡಿ ಕೇಳಿದ್ರಾ?"

ಕೊನೆಗೆ ಇಬ್ಬರೂ ಗ್ಯಾರೇಜಿಗೆ ಒಪ್ಪಿದರು. ಕಾರು ಹೊರಗೆ ನಿಲ್ಲಿಸಿ, ಸ್ಟೀಲ್ ತಟ್ಟೆಯಲ್ಲಿ ಬಾಡು, ಅನ್ನ, ಲೋಟದಲ್ಲಿ ಬ್ರಾಂದಿ ಇಟ್ಟು ಶಿವಕ್ಕ ಶಟರ್ ಇಳಿಸಿದಳು. ಎಡೆ ಇಟ್ಟು ಬಾಗಿಲು ಮುಚ್ಚುವುದು ಪದ್ಧತಿಯೇ. ಆದರೆ ಅವಳು ಮುಚ್ಚಿದ್ದು ಸತ್ತವನು ನಾಚದಿರಲಿ ಎಂದಲ್ಲ, ಬದುಕಿರುವವರಿಗೆ ತಾನು ನಾಚಿ.

ಆ ಹೊತ್ತಿಗೇ ಊರ್ಮಿಳಾ ಮಿಕ್ಕ ದಾರ, ತಟ್ಟೆಗಳನ್ನು ಹಿಂದಿರುಗಿಸಲು ಬಂದಳು. ಮೂಗು ಅರಳಿಸಿದಳು. "ಏನ್ರೀ ಸ್ಮೆಲ್ಲು, ನಿನ್ನೇದೇ?"

ಹೇಳಲು ಇದ್ದದ್ದು ಎರಡೇ ಮಾತು: ನಮ್ಮಪ್ಪನ ಎಡೆ. ನಾಲಿಗೆಯ ತುದಿಯವರೆಗೆ ಬಂದಿತ್ತು.

"ಪಕ್ಕದ ಮನೆಯವ್ರು ಏನೋ ಮಾಡ್ತಿದಾರೆ," ಎಂದಳು ಶಿವಕ್ಕ.

"ಈ ಮೆಕ್ಸಿಕನ್ಸ್ ಎಲ್ಲಾ ಕಡೆ ಬಂದ್ಬಿಟ್ರು. ನಿನ್ನೆ ಬಂದಿದ್ಲಲ್ಲ, ಅವಳ ಕಡೆಯವ್ರಾ?"

"ಇರ್ಬೇಕು."

ಊರ್ಮಿಳಾ ಹೋದ ಮೇಲೆ ಎಡೆ ಎತ್ತಿದರು. ಶಿವಕ್ಕ ಒಂದು ತುತ್ತೂ ತಿನ್ನಲಿಲ್ಲ. ಹಾರಾಡಿದ ತ್ಯಾಗರಾಜನೇ ಗ್ಯಾರೇಜಿನ ನೆಲದ ಮೇಲೆ ಕೂತು ಮತ್ತೆ ಮತ್ತೆ ಬಡಿಸಿಕೊಂಡು ಉಂಡ, ಕೊನೆಯಲ್ಲಿ ಯಾಕೋ ಅತ್ತ.

ಎಲೋದಿಯಾ ನರ್ಸರಿಯಲ್ಲಿ ಮೊದಲಿನ ಹಾಗೆಯೇ ಕುಂಡ ಎತ್ತಿಕೊಟ್ಟಳು, ಗುಡ್ ಮಾರ್ನಿಂಗ್ ಹೇಳಿದಳು. ದೊಡ್ಡಸಿದ್ದಯ್ಯನ ಸುದ್ದಿ ಮತ್ತೆ ಎತ್ತಲಿಲ್ಲ. ಮುಂದಿನ ಬೇಸಿಗೆಗೆ ಅಟ್ಲಾಂಟಾ ಕಡೆ ಕೆಲಸ ಹುಡುಕಿಕೊಂಡು ಹೊರಟುಹೋದಳು. ಶಿವಕ್ಕ ಕಮಿಟಿಗೆ ಆಯ್ಕೆಯಾದಳು. ಈಗಲೂ ಯಾರಾದರೂ ಕೇಳಿದರೆ ಸರಸ್ವತಿಪುರಂ ಎನ್ನುತ್ತಾಳೆ, ಅಂದ ಮೇಲೆ ಎದುರಿನವರ ಕಣ್ಣು ತಪ್ಪಿಸುತ್ತಾಳೆ.

ಅವಳಿಗೆ ಉಗಿಯುವುದು ಸುಲಭ. ಉಗಿಯುವ ಮುಂಚೆ ನೀವು ಒಂದು ಹೇಳಿ. ಅವಳು ಆ ಎರಡು ಮಾತು ಆಡಿದ್ದರೆ, ಊರ್ಮಿಳಾಳ ಜಾಗದಲ್ಲಿ ನೀವಿದ್ದಿದ್ದರೆ, ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುತ್ತಿದ್ದಿರಾ? ಹೌದು ಎನ್ನುವವರು ಸುಮ್ಮನೆ ತಲೆಯಾಡಿಸಬೇಡಿ, ಆ ವಿದ್ಯೆ ಎಲ್ಲರಿಗೂ ಬರುತ್ತದೆ. ನಿಮ್ಮ ಬೀದಿಯಲ್ಲೇ ಒಬ್ಬಳು ಶಿವಕ್ಕ ಇದ್ದಾಳೆ. ಈ ಮಾರ್ನಮಿಗೆ ಹೋಗಿ ಅವಳ ಬಾಗಿಲು ತಟ್ಟಿ, ನಿಮ್ಮಪ್ಪನ ಎಡೆಯಲ್ಲಿ ನನಗೂ ಒಂದು ಪಾಲು ಹಾಕವ್ವಾ ಎಂದು ಕೇಳಿ, ಅವಳ ಕೈಯಿಂದ ತಿಂದು ಬನ್ನಿ.