ಜಯಮ್ಮ ‘ತಡೀರಿ’ ಎಂದ ದಿನ

ಎರಡು ವರ್ಷದ ಹಿಂದೆ ನಮ್ಮ ಕಾಲೇಜಿಗೆ ಹೊಸ ಕೋರ್ಸೊಂದು ಬಂತು. ನಾನು ತಿಪಟೂರು ಕಡೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ವಿಭಾಗದ ಅತಿಥಿ ಉಪನ್ಯಾಸಕಿ. ಯಾವ ಕೆಲಸಕ್ಕೆ ಜನ ಸಿಗುತ್ತಿಲ್ಲವೋ ಆ ಕೆಲಸವನ್ನೇ ಕಲಿಸಿ ಎಂದು ಸರ್ಕಾರ ಕಾಲೇಜುಗಳಿಗೆ ಅನುದಾನ ಕೊಡತೊಡಗಿತ್ತು. ನಮ್ಮ ಕಡೆ ಹುಡುಕಬೇಕಾದ್ದೇ ಇರಲಿಲ್ಲ. ಬೇಸಿಗೆಯಲ್ಲಿ ತೋಟದ ಮೋಟರ್ ಸುಟ್ಟುಹೋದರೆ ರಿಪೇರಿಯವರಿಗಾಗಿ ದಿನಗಟ್ಟಲೆ ಕಾಯಬೇಕು, ಅಷ್ಟರಲ್ಲಿ ತೆಂಗಿನ ಮರದ ಹೀಚು ಉದುರಿರುತ್ತದೆ. ಹಾಗಾಗಿ ನಮಗೆ ಸಿಕ್ಕಿದ್ದು ಆರು ತಿಂಗಳ ಮೋಟರ್ ವೈಂಡಿಂಗ್ ತರಬೇತಿ. ಸುಟ್ಟ ಮೋಟರಿನ ಹಳೇ ತಂತಿ ಬಿಚ್ಚಿ ಹೊಸ ತಂತಿ ಸುತ್ತುವ ಕೆಲಸ. ಫೀಸಿಲ್ಲ. ಆದರೆ ಅಧಿಕಾರಿಗಳು ಬಂದು ನೋಡಿ ಒಪ್ಪಿದರೆ ಮಾತ್ರ ಮರುವರ್ಷ ಮುಂದುವರಿಕೆ. ಕೋರ್ಸ್ ನಿಂತರೆ ನನ್ನ ಕೆಲಸವೂ ನಿಂತಂತೆಯೇ.

ಅರ್ಜಿ ಕೊಡುವ ಕೊನೆಯ ದಿನ ಹುಳಿಯಾರು ಹತ್ತಿರದ ಹಳ್ಳಿಯಿಂದ ಜಯಮ್ಮ ಬಂದರು. ನಲವತ್ತರ ಆಸುಪಾಸಿನ ಹೆಂಗಸು. ಕಂಕುಳಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ.

“ಮಗನಿಗಾ?” ಎಂದು ಕೇಳಿದೆ.

“ಇಲ್ಲ ಮೇಡಮ್ಮೋರೆ, ನಂಗೇಯ.”

ನಾನು ತುಸು ತಡವರಿಸಿ, ಹೆಂಗಸರಿಗೆ ಟೈಲರಿಂಗ್ ತರಬೇತಿಯೂ ಇದೆ, ಅದು ಸುಲಭವಾಗಬಹುದು ಎಂದೆ.

“ಟೈಲರಿಂಗು ಎರಡು ಸಲ ಕಲ್ತಿದೀನಿ ಕಣ್ರೀ. ಸರ್ಟಿಫಿಕೇಟೂ ಐತೆ. ನಮ್ಮೂರಾಗೆ ಹೊಲಿಯೋರು ಮನೆಗೊಬ್ರು ಅವ್ರೆ, ಹೊಲಿಸ್ಕೊಳ್ಳೋರು ಬೇಕಲ್ಲ? ಮೋಟ್ರು ಕೆಟ್ರೆ ಮಾತ್ರ ಗಾಡಿ ಮೇಲೆ ಹೇರ್ಕೊಂಡು ಪ್ಯಾಟೆಗೇ ಹೋಗ್ಬೇಕು. ನಂಗಿದೇ ಇರ್ಲಿ.”

ಸೀಟು ಖಾಲಿ ಇತ್ತು, ಬರೆದುಕೊಂಡೆ. ಎರಡು ವಾರಕ್ಕೆ ಬಿಟ್ಟು ಹೋಗುತ್ತಾರೆ ಎಂದುಕೊಂಡಿದ್ದೆ. ಬಿಡಲಿಲ್ಲ. ಬೆಳಗಿನ ಮೊದಲ ಬಸ್ಸು ಹಿಡಿದು ಬರುತ್ತಿದ್ದರು. ಉಳಿದವರೆಲ್ಲ ಅವರ ಮಕ್ಕಳ ವಯಸ್ಸಿನವರು, “ಜಯಕ್ಕ” ಎಂದು ಕರೆಯುತ್ತಿದ್ದರು. ಅವರ ಬೆರಳು ನಿಧಾನ, ಆದರೆ ಒಮ್ಮೆ ಹೇಳಿದ್ದನ್ನು ಮರೆಯುತ್ತಿರಲಿಲ್ಲ.

ಮೊದಲ ವಾರವೇ ನಾನು ಒಂದು ನಿಯಮ ಹೇಳಿಕೊಟ್ಟಿದ್ದೆ. ವೈಂಡಿಂಗ್ ಮುಗಿದ ಮೇಲೆ ಕರೆಂಟ್ ಕೊಡುವ ಮೊದಲು ಟೆಸ್ಟ್ ಲ್ಯಾಂಪ್, ಅಂದರೆ ಬ್ಯಾಟರಿಗೆ ಜೋಡಿಸಿದ ಸಣ್ಣ ಬಲ್ಬು, ಹಿಡಿಯಬೇಕು. ಆ ಬಲ್ಬಿನ ಒಂದು ವೈರು ಸುರುಳಿಯ ತುದಿಗೆ, ಇನ್ನೊಂದು ಮೋಟರಿನ ಮೈಗೆ. ಬಲ್ಬು ಹತ್ತಬಾರದು. ಹತ್ತಿದರೆ ಒಳಗಿನ ತಂತಿ ಕಬ್ಬಿಣಕ್ಕೆ ತಾಗಿದೆ ಎಂದರ್ಥ. ಆಮೇಲೆ ಆ ಮೋಟರನ್ನು ಮುಟ್ಟಿದವರಿಗೆ ಕರೆಂಟ್ ಹೊಡೆಯುತ್ತದೆ.

ಐದನೇ ತಿಂಗಳಲ್ಲಿ ಅಧಿಕಾರಿ ಬರುವ ದಿನ ಗೊತ್ತಾಯಿತು. ವಿದ್ಯಾರ್ಥಿಗಳು ಸುತ್ತಿದ್ದ ಮೋಟರುಗಳು ಓಡುತ್ತಿದ್ದವು, ಆದರೆ ನೋಡಲು ಒರಟಾಗಿದ್ದವು. ನನಗೆ ಭಯ. ಅಧಿಕಾರಿಗೆ ತೋರಿಸಲೆಂದು ನಾನೇ ಒಂದು ಮೋಟರ್ ಸುತ್ತಿ, ವಾರ್ನಿಶ್ ಹಾಕಿ, ಬಣ್ಣ ಬಳಿದು ಬೆಂಚಿನ ಮೇಲೆ ಇಟ್ಟೆ. ಅಷ್ಟೇ ಅಲ್ಲ, ಅವರು ಬರುವ ದಿನ ಬೆಳಿಗ್ಗೆ ಜಯಮ್ಮನನ್ನು ಕರೆದು, “ನೀವು ಹಿಂದೆ ಗೋಡೆ ಹತ್ತಿರ ನಿಂತ್ಕೊಳ್ಳಿ. ಮುಂದೆ ಹುಡುಗರು ಇರ್ಲಿ” ಎಂದೆ. ವಯಸ್ಸಾದವರಿಗೆ ಸೀಟು ಕೊಟ್ಟಿದ್ದೀರಾ ಎಂದು ಎಲ್ಲಿ ಕೇಳುತ್ತಾರೋ ಎಂಬ ಅಳುಕು. ಅವರು ಒಂದು ಕ್ಷಣ ನನ್ನ ಮುಖ ನೋಡಿ, “ಆಯ್ತು ಬುಡಿ ಮೇಡಮ್ಮೋರೆ” ಎಂದು ಹಿಂದೆ ಹೋದರು.

ಅಧಿಕಾರಿ ಒಳ್ಳೆಯ ಮನುಷ್ಯರು. ಎಲ್ಲವನ್ನೂ ಆಸಕ್ತಿಯಿಂದ ನೋಡಿದರು. ನನ್ನ ಮೋಟರಿನ ಹತ್ತಿರ ನಿಂತು, “ಇದನ್ನು ಸುತ್ತಿದವರು ಯಾರು?” ಎಂದರು.

“ನಮ್ಮ ವಿದ್ಯಾರ್ಥಿಗಳೇ ಸರ್” ಎಂದೆ. ಹುಡುಗರು ನೆಲ ನೋಡಿದರು.

“ಓಡಿಸಿ ನೋಡೋಣ. ಅದುರುತ್ತಾ ಅಂತ ನೋಡ್ತೀನಿ” ಎಂದು ಅವರು ಮೋಟರಿನ ಮೇಲೆ ಅಂಗೈ ಇಟ್ಟರು. ನಾನು ಸ್ವಿಚ್ಚಿನ ಮೇಲೆ ಕೈ ಇಟ್ಟೆ.

“ತಡೀರಿ.”

ಹಿಂದಿನಿಂದ ಬಂದ ದನಿ. ಜೋರಾಗಿರಲಿಲ್ಲ, ಆದರೆ ನನ್ನ ಕೈ ನಿಂತಿತು. ಜಯಮ್ಮ ಹುಡುಗರನ್ನು ಸರಿಸಿಕೊಂಡು ಮುಂದೆ ಬಂದರು. “ಸಾರ್, ಒಸಿ ಕೈ ತೆಗೀರಿ” ಎಂದರು. ಕೈಯಲ್ಲಿ ಟೆಸ್ಟ್ ಲ್ಯಾಂಪ್ ಇತ್ತು. ಒಂದು ವೈರು ಸುರುಳಿಯ ತುದಿಗೆ ಹಿಡಿದರು, ಇನ್ನೊಂದನ್ನು ಮೋಟರಿನ ಮೈಗೆ ತಾಗಿಸಿದರು.

ಬಲ್ಬು ಹತ್ತಿಕೊಂಡಿತು.

ಒಳಗೆ ಎಲ್ಲೋ ಇನ್ಸುಲೇಷನ್ ಕಾಗದ ಹರಿದು ತಂತಿ ಕಬ್ಬಿಣಕ್ಕೆ ತಾಗಿತ್ತು. ಅವಸರದಲ್ಲಿ ನಾನು ಲ್ಯಾಂಪ್ ಹಿಡಿದು ನೋಡಿರಲಿಲ್ಲ, ಅರ್ತ್ ವೈರನ್ನೂ ಕೊಟ್ಟಿರಲಿಲ್ಲ. ಸ್ವಿಚ್ ಒತ್ತಿದ್ದರೆ ಏನಾಗುತ್ತಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಸ್ವಿಚ್ಚಿನ ಮೇಲಿಂದ ಕೈ ತೆಗೆದೆ.

ಅಧಿಕಾರಿ ಜಯಮ್ಮನನ್ನೇ ನೋಡುತ್ತಾ, “ಇದನ್ನ ನಿಮಗೆ ಯಾರು ಕಲಿಸಿದ್ದು?” ಎಂದರು.

“ಮೇಡಮ್ಮೋರೇ ಸಾರ್. ಮೊದಲ್ನೇ ವಾರದಾಗೇ.”

ಅವರು ನನ್ನ ಕಡೆ ತಿರುಗಿ ನಕ್ಕರು. “ಪರೀಕ್ಷೆ ಮಾಡೋಕೆ ಬೇಕಂತಲೇ ಕೆಟ್ಟ ಮೋಟರ್ ಇಟ್ಟಿದ್ರಾ ಮೇಡಂ?”

ನಿಜ ಹೇಳಲು ಅದೇ ಸಮಯ. ನಾನು ಹೇಳಲಿಲ್ಲ. ಹೌದು ಎನ್ನಲೂ ಇಲ್ಲ, ಅಲ್ಲ ಎನ್ನಲೂ ಇಲ್ಲ, ಸುಮ್ಮನೆ ನಕ್ಕುಬಿಟ್ಟೆ. ಅವರು ಅದನ್ನು ಹೌದು ಎಂದೇ ತಿಳಿದರು. ಸುರಕ್ಷತೆಯನ್ನು ಇಷ್ಟು ಚೆನ್ನಾಗಿ ಕಲಿಸುವುದನ್ನು ಬೇರೆಲ್ಲೂ ನೋಡಿಲ್ಲ ಎಂದು ವರದಿಯಲ್ಲಿ ಬರೆದರು. ಮರುವರ್ಷದ ಅನುದಾನ ಬಂತು.

ಅವತ್ತು ಸಂಜೆ ಜಯಮ್ಮ ಬಸ್ಸಿಗೆ ಹೊರಟಾಗ ಅವರ ಜೊತೆ ಸ್ಟ್ಯಾಂಡಿನವರೆಗೂ ನಡೆದೆ. “ನಿಮಗೆ ಹೇಗೆ ಗೊತ್ತಾಯ್ತು?” ಎಂದು ಕೇಳಿದೆ.

“ಲ್ಯಾಂಪು ಗ್ವಾಡೆ ಮೊಳೆಗೇ ನೇತಾಡ್ತಿತ್ತು. ನಾನು ಅದ್ರ ಪಕ್ಕದಾಗೇ ನಿಂತಿದ್ನಲ್ಲ, ಬೆಳಗಿಂದ ಯಾರೂ ಅದನ್ನ ಮುಟ್ಲಿಲ್ಲ.”

ಅವರನ್ನು ಅಲ್ಲಿ ನಿಲ್ಲಿಸಿದವಳು ನಾನೇ. “ಹಿಂದೆ ಕಳಿಸಿದ್ದು ನನ್ನ ತಪ್ಪು ಜಯಮ್ಮೋರೆ” ಎಂದೆ. ಅವರು ಬಸ್ಸು ಬರುವ ದಾರಿ ನೋಡಿದರು. ಬಸ್ಸು ಬಂದಾಗ, “ಬೇಜಾರಾಗಿತ್ತು ಮೇಡಮ್ಮೋರೆ, ಆಗ್ಲಿಲ್ಲ ಅಂದ್ರೆ ಸುಳ್ಳಾಯ್ತದೆ. ನಾಳೆ ಬತ್ತೀನಿ” ಎಂದು ಹತ್ತಿದರು. ಅವರು ನನಗೆ ಸುಳ್ಳು ಹೇಳಿ ಸಮಾಧಾನ ಮಾಡಲಿಲ್ಲ. ಆ ಮಾತಿಗೆ ನಾನು ಇಂದಿಗೂ ಋಣಿ.

ಈಗ ಜಯಮ್ಮ ಮನೆಯ ಜಗುಲಿಯಲ್ಲೇ ವೈಂಡಿಂಗ್ ಮಾಡುತ್ತಾರೆ. ಸುತ್ತಲಿನ ತೋಟದವರು ಹುಡುಕಿಕೊಂಡು ಬರುತ್ತಾರಂತೆ. ನಾನು ಪ್ರತಿ ಹೊಸ ಬ್ಯಾಚಿಗೆ ಮೊದಲ ದಿನವೇ ಈ ಕಥೆಯನ್ನು, ನನ್ನ ಸುಳ್ಳೂ ಸೇರಿದಂತೆ, ಪೂರ್ತಿ ಹೇಳುತ್ತೇನೆ. ಹುಡುಗರು ಮೊದಲು ನಗುತ್ತಾರೆ, ಆಮೇಲೆ ಗೋಡೆಯ ಮೊಳೆಗೆ ನೇತಾಡುವ ಲ್ಯಾಂಪಿನ ಕಡೆ ನೋಡುತ್ತಾರೆ.

ಆ ಅಧಿಕಾರಿಗೆ ಮಾತ್ರ ಹೇಳುವುದು ಉಳಿದಿದೆ. ಅವರಿಗೆ ವರ್ಗವಾಯಿತು, ಎಲ್ಲಿದ್ದಾರೋ ತಿಳಿಯದು. ಸರ್, ನೀವು ಇದನ್ನು ಓದುತ್ತಿದ್ದರೆ, ಅದು ಪರೀಕ್ಷೆಯಾಗಿರಲಿಲ್ಲ. ಆ ಮೋಟರ್ ಸುತ್ತಿದವಳು ನಾನು.