ನಿಲ್ಲಿಸುವ ಬಟನ್‌ಗೆ ಮೊದಲ ಜಾಗ

“ಮೇಡಂ, ಸ್ಕ್ರೀನಲ್ಲಿ ನಿಲ್ಸೋ ಬಟನ್ನೇ ಇಲ್ಲ ಕಣ್ರೀ.”

ಹೋದ ವಾರ ಕಡಕೊಳದಿಂದ ಬಂದ ಫೋನು ಶುರುವಾಗಿದ್ದೇ ಹೀಗೆ. ಆ ಕಡೆ ಇದ್ದವರು ನಾಗರತ್ನಮ್ಮ, ಅಗರಬತ್ತಿ ಪ್ಯಾಕ್ ಮಾಡುವ ಕಾರ್ಖಾನೆಯೊಂದರ ಸೂಪರ್‌ವೈಸರ್. ಅಲ್ಲಿನ ಮೆಷಿನ್ನಿನ ಟಚ್‌ಸ್ಕ್ರೀನ್‌ಗೆ ಸಾಫ್ಟ್‌ವೇರ್ ನಮ್ಮದು. (ನಾವು ಅಂದರೆ ದೇವರಾಜ ಮೊಹಲ್ಲಾದ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಕೂರುವ ನಾನು, ಹರೀಶ ಮತ್ತು ನಮ್ಮ ಬಾಸ್.)

ಅವತ್ತು ಬೆಳಗ್ಗೆಯಷ್ಟೇ ಹರೀಶ ಆ ಸ್ಕ್ರೀನನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಾಯಿಸಿದ್ದ. ಕೆಲಸದ ಹೆಂಗಸರೇ ಕೇಳಿದ್ದು.

“ಮಂಜುಳನ ವೇಲು ಬೆಲ್ಟಿಗೆ ಸಿಕ್ಕಾಕೊಂಬುಡ್ತು. ಸ್ಕ್ರೀನೆಲ್ಲ ಹುಡುಕ್ದೆ, ಬಟನ್ ಕಾಣ್ಲಿಲ್ಲ. ಓಡೋಗಿ ಮೇನ್ ಸ್ವಿಚ್ ಆಫ್ ಮಾಡ್ದೆ” ಅಂದರು.

ಸ್ಕೂಟರ್ ಹತ್ತಿ ನಾನೂ ಹರೀಶನೂ ಹೋದೆವು. ಆ ಮೆಷಿನ್ ನಡೆಸುವ ಮಂಜುಳ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದಳು. ಕುತ್ತಿಗೆಯ ಪಕ್ಕದಲ್ಲಿ ಕೆಂಪಗೆ ಬರೆ ಎದ್ದಿತ್ತು.

“ನಂಗೇನಾಗಿಲ್ಲ ಮೇಡಂ. ಮೊದ್ಲು ಇಂಗ್ಲಿಷಲ್ಲಿತ್ತಲ್ಲ, ಅಂಗೇ ಬುಟ್ಬುಡಿ” ಅಂದಳು.

ನನಗೆ ಸುಸ್ತಾಗುವುದು ಇಂಥ ಕಡೆಯೇ. ನಾವು ಕೊಟ್ಟ ಜಾಗ ಸಾಲದ್ದಕ್ಕೆ ಆಕೆ ತನ್ನ ಭಾಷೆಯನ್ನು ಬಿಟ್ಟುಕೊಡಬೇಕೇ?

ಆಗಿದ್ದು ಇಷ್ಟೇ. ‘ಸ್ಟಾರ್ಟ್’ ಎಂದಿದ್ದದ್ದು ‘ಯಂತ್ರ ಚಾಲೂ ಮಾಡಿ’ ಆಯಿತು. ‘ಕೌಂಟ್’ ಹೋಗಿ ‘ಪ್ಯಾಕೆಟ್ ಎಣಿಕೆ’ ಬಂತು. ಒಂದೊಂದು ಬಟನ್ನೂ ಉದ್ದವಾಗುತ್ತಾ ಪಕ್ಕದ್ದನ್ನು ತಳ್ಳಿತು. ಸಾಲಿನ ಕೊನೆಯಲ್ಲಿದ್ದ ‘ಯಂತ್ರ ನಿಲ್ಲಿಸಿ’ ಸ್ಕ್ರೀನಿನ ಅಂಚು ದಾಟಿ ಹೋಯಿತು. ಆಫೀಸಿನ ದೊಡ್ಡ ಮಾನಿಟರ್‌ನಲ್ಲಿ ಹರೀಶ ನೋಡಿದಾಗ ಎಲ್ಲವೂ ಕಂಡಿತ್ತು.

“ಅಕ್ಷರ ಚಿಕ್ಕದು ಮಾಡ್ಬುಡೋಣ ಮೇಡಂ, ಈಗ್ಲೇ ಆಗೋಗತ್ತೆ” ಅಂದ.

“ಚಿಕ್ಕ ಅಕ್ಷರ ಆ ಗಾಬರೀಲಿ ಯಾರಿಗೆ ಕಾಣತ್ತೆ ಹರೀಶ?”

ಸದ್ಯಕ್ಕೆ ಹಳೆಯ ಸ್ಕ್ರೀನನ್ನೇ ವಾಪಸ್ ಹಾಕಿ ಬಂದೆವು.

ನಾವು ಬಳಸುವುದು ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆ. ಕಂಪ್ಯೂಟರ್‌ಗೆ ಒಂದೊಂದೇ ಹೆಜ್ಜೆ ಹೇಳಿಕೊಡುವ ಬದಲು, ಏನು ಬೇಕೆಂದು ಚಿಕ್ಕ ಚಿಕ್ಕ ಫಂಕ್ಷನ್‌ಗಳಲ್ಲಿ ಹೇಳಿ, ಅವನ್ನೇ ಒಂದಕ್ಕೊಂದು ಜೋಡಿಸುತ್ತೇವೆ. ಅಚ್ಚುಕಟ್ಟಾದ ಭಾಷೆ. ಬರೆಯುವವರು ಅಚ್ಚುಕಟ್ಟಾಗಿರಬೇಕಲ್ಲ? ನಮ್ಮ ಕೋಡಿನಲ್ಲಿ ಬಟನ್ನುಗಳನ್ನು ಕೂರಿಸುವ ಬಾಕ್ಸಿನೊಳಗೆ ಬಾಕ್ಸು, ಅದರೊಳಗೆ ಇನ್ನೊಂದು. ಪ್ರತಿಯೊಂದಕ್ಕೂ ಯಾರೋ ಯಾವತ್ತೋ ಹಾಕಿಟ್ಟ ಅಳತೆ. ಒಂದನ್ನು ಮುಟ್ಟಿದರೆ ಮೂರು ಜರುಗುತ್ತವೆ.

ವಾರವೆಲ್ಲ ಇಬ್ಬರೂ ಅದನ್ನು ಬಿಚ್ಚುತ್ತಾ ಕೂತೆವು. ಬಿಚ್ಚಿದಷ್ಟೂ ಬೇಸರ. (ಈ ಬಾಕ್ಸ್ ಯಾಕಿದೆ? ಗೊತ್ತಿಲ್ಲ. ತೆಗೆದರೆ? ಏನೂ ಆಗಲಿಲ್ಲ.) ಕೊನೆಗೆ ಉಳಿದದ್ದು ಅಡ್ಡಸಾಲಿಗೊಂದು ಫಂಕ್ಷನ್, ಉದ್ದಸಾಲಿಗೊಂದು, ಜೊತೆಗೆ ಒಂದು ನಿಯಮ: ನಿಲ್ಲಿಸುವ ಬಟನ್‌ಗೆ ಮೊದಲು ಜಾಗ, ಮಿಕ್ಕಿದ್ದನ್ನು ಮಿಕ್ಕವು ಹಂಚಿಕೊಳ್ಳಲಿ. ಸಾಲದಿದ್ದರೆ ಕೆಳಗಿನ ಸಾಲಿಗೆ ಇಳಿಯಲಿ. ಹರೀಶ ಬಟನ್ನುಗಳ ಮೇಲೆ ಬೇಕೆಂದೇ ಉದ್ದುದ್ದ ಮಾತು ಬರೆದು ನೋಡಿದ, ಈ ಸಲ ಕಾರ್ಖಾನೆಯದೇ ಅಳತೆಯ ಸ್ಕ್ರೀನಿನಲ್ಲಿ. ನಿಲ್ಲಿಸುವ ಬಟನ್ ಅಲ್ಲಾಡಲಿಲ್ಲ.

ಶುಕ್ರವಾರ ಬಾಸ್ ಬಂದು ನೋಡಿದರು. “ಮೊದಲಿನ ಥರಾನೇ ಇದೆಯಲ್ರೀ. ವಾರವಿಡೀ ಏನ್ ಮಾಡಿದ್ರಿ?”

“ಕೋಡ್ ಕಡಿಮೆ ಮಾಡಿದ್ವಿ ಸರ್.”

“ಕಡಿಮೆ ಮಾಡೋದಕ್ಕೆ ಇಷ್ಟು ಹೊತ್ತಾ?”

ಶನಿವಾರ ಕಡಕೊಳಕ್ಕೆ ಹೋಗಿ ಕನ್ನಡದ ಸ್ಕ್ರೀನ್ ಹಾಕಿದೆವು. ಮಂಜುಳ ಬೆಲ್ಟ್ ಓಡಿಸಿದಳು. ‘ಯಂತ್ರ ನಿಲ್ಲಿಸಿ’ ಎಂಬುದನ್ನು ಮೆಲ್ಲಗೆ ಓದಿ ಒತ್ತಿದಳು. ಬೆಲ್ಟ್ ನಿಂತಿತು. ಮತ್ತೆ ಓಡಿಸಿ, ಮತ್ತೆ ನಿಲ್ಲಿಸಿದಳು. ಆಮೇಲೆ ವೇಲಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಲಸಕ್ಕೆ ನಿಂತಳು. ನಾಗರತ್ನಮ್ಮ, “ಈಗ ಸರೋಯ್ತು ಬುಡಿ” ಅಂದರು.

ಹೊರಗೆ ಬಂದರೆ ಬಾಸ್ ಮೆಸೇಜು: ಸೋಮವಾರದ ಮೀಟಿಂಗ್‌ನಲ್ಲಿ ಈ ವಾರ ಮಾಡಿದ್ದನ್ನೆಲ್ಲ ತೋರಿಸಬೇಕಂತೆ.

ತೆಗೆದು ಬಿಸಾಕಿದ್ದನ್ನು ತೋರಿಸುವುದು ಹೇಗೆ, ನೀವೇ ಹೇಳಿ?